ರೇಡಿಯೊ ನಿಯಂತ್ರಿತ ಮಾದರಿ ಜೆಟ್ ವಿಮಾನ

ನಿಜವಾದ ಜೆಟ್ ವಿಮಾನವೊಂದರ ಆಕಾರ, ಬಣ್ಣ, ಗುರುತುಗಳನ್ನು ನಿಗದಿತ ಪ್ರಮಾಣಕ್ಕೆ ಇಳಿಸಿ ಕಟ್ಟಿ, ನೆಲದ ಮೇಲೆ ನಿಂತು ರೇಡಿಯೊ ಮೂಲಕ ಹಾರಿಸುವ ವಿಮಾನ. ಹವ್ಯಾಸಿಗಳ ಮಾತಿನಲ್ಲಿ ಸ್ಕೇಲ್ ಜೆಟ್. ಎರಡು ಮೀಟರಿಗೂ ಉದ್ದವಾಗಿದ್ದು, ಹದಿನೈದು ಇಪ್ಪತ್ತು ಕಿಲೋ ತೂಗುವ, ಒಡಲಲ್ಲಿ ಪುಟ್ಟ ಗ್ಯಾಸ್ ಟರ್ಬೈನ್ ಇರುವ ಮಾದರಿಗಳು ದೊಡ್ಡವುಗಳ ಸಾಲಿಗೆ ಸೇರುತ್ತವೆ. ಪೆಟ್ಟಿಗೆಯಲ್ಲಿ ಅರೆಸಿದ್ಧವಾಗಿ ಬರುವ ಕಿಟ್‌ಗಳು ಬೇಕಾದಷ್ಟಿವೆ. ಇಲ್ಲಿ ಹೇಳುತ್ತಿರುವುದು ನಕ್ಷೆಯಿಂದ ಹಿಡಿದು ಎಲ್ಲವನ್ನೂ ತಾವೇ ಕಟ್ಟುವವರ ಕೆಲಸವನ್ನು. ಎಲ್ಲವನ್ನೂ ಎಂದರೂ ಎಂಜಿನ್, ರೇಡಿಯೊ, ಸರ್ವೊ ಮೋಟಾರುಗಳನ್ನು ಕೊಂಡು ತರುವುದು ಒಪ್ಪಿತ ಪದ್ಧತಿ. ಒಡಲು, ರೆಕ್ಕೆ, ಬಾಲ, ಅವುಗಳ ಅಚ್ಚು ಸ್ವಂತದ್ದಾಗಿದ್ದರೆ ಸಾಕು. ಆದರೆ ಟರ್ಬೈನನ್ನೇ ಮನೆಯ ಲೇತಿನ ಮೇಲೆ ಕಡೆದವರೂ ಇದ್ದಾರೆ. ಇಂದಿನ ಮಾದರಿ ಜೆಟ್‌ಗಳು ಅವರಿಗೆ ಋಣಿ.

ಇತಿಹಾಸ

ಟರ್ಬೈನ್ ಬರುವ ಮುಂಚೆ ಜೆಟ್‌ನಂತೆ ಕಾಣುವ ಮಾದರಿಗಳು ಹಾರುತ್ತಿದ್ದುದು ಕೊಳವೆಯೊಳಗಿನ ಫ್ಯಾನಿನ ಬಲದಿಂದ. ನಿಮಿಷಕ್ಕೆ 20,000 ಸುತ್ತಿಗೂ ಮೀರಿ ತಿರುಗುವ ಎರಡು ಸ್ಟ್ರೋಕಿನ ಎಂಜಿನ್ನೊಂದು ಒಡಲೊಳಗೆ ಕೂತು ಫ್ಯಾನ್ ತಿರುಗಿಸುತ್ತಿತ್ತು. ಅಮೆರಿಕದ ಬೈರನ್ ಒರಿಜಿನಲ್ಸ್ ಸಂಸ್ಥೆ ಮತ್ತು ಮಾದರಿ ತಯಾರಕ ಬಾಬ್ ವಯೊಲೆಟ್ ಈ ಬಗೆಯ ಮಾದರಿಗಳನ್ನು ಜನಪ್ರಿಯಗೊಳಿಸಿದರು. ಆಕಾರ ಜೆಟ್ಟಿನದು, ಸದ್ದು ಮಾತ್ರ ಮೊಪೆಡ್ಡಿನದು.

1983ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಗ್ರೀನಮ್ ಕಾಮನ್ ವಾಯುನೆಲೆಯಲ್ಲಿ ಗ್ಯಾಸ್ ಟರ್ಬೈನಿನಿಂದ ನಡೆಯುವ ಮಾದರಿಯೊಂದು ಹಾರಿತು. ಅದರ ಇಂಧನ ಪ್ರೊಪೇನ್ ಅನಿಲ. ಆದರೆ ಹವ್ಯಾಸಿಗಳ ಕೈಗೆ ಟರ್ಬೈನ್ ತಲುಪಿಸಿದ ಹೆಗ್ಗಳಿಕೆ ಜರ್ಮನಿಯ ಕುರ್ಟ್ ಶ್ರೆಕ್ಲಿಂಗ್‌ಗೆ ಸಲ್ಲಬೇಕು. ಗಾಳಿಯನ್ನು ಒತ್ತುವ ಚಕ್ರವನ್ನು ಅವರು ಪ್ಲೈವುಡ್ಡಿನಲ್ಲಿ ಮಾಡಿ, ಸಿಡಿಯದಂತೆ ಕಾರ್ಬನ್ ನಾರು ಸುತ್ತಿದರು. ನಿಮಿಷಕ್ಕೆ ಹತ್ತಾರು ಸಾವಿರ ಸುತ್ತು ಸುತ್ತುವ ಯಂತ್ರಕ್ಕೆ ಮರದ ಚಕ್ರ ಎಂದರೆ ಇಂದಿಗೂ ನಂಬಲು ಕಷ್ಟ. ಈ ಎಂಜಿನ್ ಕಟ್ಟುವ ಬಗೆಯ ಕುರಿತ ಅವರ ಪುಸ್ತಕ ಇಂಗ್ಲಿಷಿಗೂ ಬಂದು, ಲೇತ್ ಇದ್ದವರಿಗೆಲ್ಲ ದಾರಿ ತೆರೆಯಿತು. ಅದೇ ದೇಶದ ಥಾಮಸ್ ಕಾಂಪ್ಸ್ ವಾಹನಗಳ ಟರ್ಬೊಚಾರ್ಜರಿನ ಸಿದ್ಧ ಚಕ್ರವನ್ನೇ ಬಳಸುವ ವಿನ್ಯಾಸವನ್ನು ಪ್ರಚಾರಕ್ಕೆ ತಂದರು. 66 ಮಿಲಿಮೀಟರ್ ಚಕ್ರದ ಕೆಜೆ-66 ಎಂಬ ಎಂಜಿನ್ ಮುಂದಿನ ಎಷ್ಟೋ ಎಂಜಿನ್‌ಗಳಿಗೆ ಮಾದರಿಯಾಯಿತು. ಆಮೇಲೆ ಜರ್ಮನಿಯ ಜೆಟ್‌ಕ್ಯಾಟ್‌ನಂಥ ತಯಾರಕರು ಸ್ವಿಚ್ ಒತ್ತಿದರೆ ತಾನೇ ಹೊತ್ತಿಕೊಳ್ಳುವ ಟರ್ಬೈನ್‌ಗಳನ್ನು ಮಾರುಕಟ್ಟೆಗೆ ತಂದರು. 1990ರ ದಶಕದಲ್ಲಿ ಆರಂಭವಾದ ಜೆಟ್ ವರ್ಲ್ಡ್ ಮಾಸ್ಟರ್ಸ್ ಸ್ಪರ್ಧೆಯಲ್ಲಿ ಮಾದರಿಯನ್ನು ನೆಲದ ಮೇಲಿಟ್ಟು ಒಮ್ಮೆ, ಹಾರಿಸಿ ಒಮ್ಮೆ ಅಳೆಯುತ್ತಾರೆ.

ಪ್ರಮಾಣ ಮತ್ತು ತೂಕ

ಯಾವ ವಿಮಾನ, ಯಾವ ಪ್ರಮಾಣ ಎಂಬ ತೀರ್ಮಾನದಲ್ಲೇ ಮಾದರಿಯ ಅರ್ಧ ಹಣೆಬರಹ ಮುಗಿದಿರುತ್ತದೆ. ಬೆಂಗಳೂರಿನಲ್ಲಿ ಎಚ್‌ಎಎಲ್ ಕಟ್ಟಿದ ಎಚ್‌ಎಫ್-24 ಮಾರುತ್ ಯುದ್ಧವಿಮಾನವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಜರ್ಮನ್ ವಿನ್ಯಾಸಕ ಕುರ್ಟ್ ಟಾಂಕ್ ಅವರ ತಂಡ ರೂಪಿಸಿದ ಈ ವಿಮಾನ ಮೊದಲು ಹಾರಿದ್ದು 1961ರ ಜೂನ್ 17ರಂದು. ಅದಕ್ಕೂ ಮೊದಲು, 1959ರಲ್ಲಿ, ಅದರದೇ ಗಾತ್ರದ ಎಂಜಿನ್ ಇಲ್ಲದ ಮರದ ಗ್ಲೈಡರನ್ನು ಡಕೋಟಾ ವಿಮಾನದ ಹಿಂದೆ ಎಳೆದೊಯ್ದು ಹಾರಿಸಿ ನೋಡಿದ್ದರು. ಮಾರುತ್ ಇಂದು ಹಳೆ ವಿಮಾನ ನಿಲ್ದಾಣ ರಸ್ತೆಯ ಎಚ್‌ಎಎಲ್ ವಸ್ತುಸಂಗ್ರಹಾಲಯದಲ್ಲಿ ನೋಡಲು ಸಿಗುತ್ತದೆ. ಮೂರು ಬದಿಯ ನಕ್ಷೆ ಎಷ್ಟೇ ಚೆನ್ನಾಗಿದ್ದರೂ, ರೆಕ್ಕೆ ಒಡಲನ್ನು ಸೇರುವ ಜಾಗದ ತಿರುವು ಕಾಣಲು ಎದುರಿಗೆ ನಿಂತು ತೆಗೆದ ಫೋಟೋವೇ ಬೇಕು.

ಮಾರುತ್‌ನ ಉದ್ದ 15.87 ಮೀಟರ್, ರೆಕ್ಕೆಯ ಹರವು 9 ಮೀಟರ್, ರೆಕ್ಕೆಯ ವಿಸ್ತೀರ್ಣ 28 ಚದರ ಮೀಟರ್. ಐದರಲ್ಲಿ ಒಂದಕ್ಕೆ ಇಳಿಸಿದರೆ ಉದ್ದ 3.17 ಮೀಟರ್, ಹರವು 1.8 ಮೀಟರ್ ಆಗುತ್ತದೆ. ವಿಸ್ತೀರ್ಣ ಇಳಿಯುವುದು ಐದರ ವರ್ಗದಿಂದ, ಅಂದರೆ 25ರಿಂದ ಭಾಗಿಸಿದಷ್ಟು, ಉಳಿಯುವುದು 1.12 ಚದರ ಮೀಟರ್. ತೂಕ ಇಳಿಯಬೇಕಾದದ್ದು ಐದರ ಘನದಿಂದ. ಸುಮಾರು 9,000 ಕಿಲೋ ತೂಗುವ ವಿಮಾನವನ್ನು 125ರಿಂದ ಭಾಗಿಸಿದರೆ 72 ಕಿಲೋ. ಮೂಲ ವಿಮಾನದ ಗತ್ತಿನಲ್ಲೇ ಹಾರಬೇಕೆಂದರೆ ಮಾದರಿ ಅಷ್ಟು ತೂಗಬೇಕು. ಅಷ್ಟು ಭಾರದ್ದನ್ನು ಹಾರಿಸುವ ಧೈರ್ಯವೂ ಅನುಮತಿಯೂ ಯಾರಿಗೂ ಸುಲಭಕ್ಕೆ ಸಿಗದು. ಹಾಗಾಗಿ ಕಟ್ಟುವವರು ಇಪ್ಪತ್ತು ಕಿಲೋ ಸುತ್ತಮುತ್ತ ನಿಲ್ಲಿಸಲು ನೋಡುತ್ತಾರೆ. ಆಗ ಪ್ರತಿ ಚದರ ಮೀಟರ್ ರೆಕ್ಕೆ ಸುಮಾರು 18 ಕಿಲೋ ಹೊರುತ್ತದೆ. ಗಂಟೆಗೆ 65 ಕಿಲೋಮೀಟರ್ ಆಸುಪಾಸಿಗೆ ವೇಗ ಕುಸಿದರೆ ರೆಕ್ಕೆ ಎತ್ತುವುದನ್ನು ಬಿಟ್ಟುಬಿಡುತ್ತದೆ. ಇಳಿಸುವಾಗ 80ಕ್ಕಿಂತ ಮೇಲಿರುವುದು ಕ್ಷೇಮ.

ಪ್ರಮಾಣಕ್ಕೆ ಇಳಿಯದ ಇನ್ನೊಂದು ವಸ್ತು ಗಾಳಿ. ಸಣ್ಣ ರೆಕ್ಕೆ, ಕಡಿಮೆ ವೇಗದಲ್ಲಿ ಗಾಳಿಯ ಜಿಗುಟು ಹೆಚ್ಚು ಕಾಡುತ್ತದೆ. ಶಬ್ದದ ವೇಗಕ್ಕೆಂದು ರೂಪಿಸಿದ ತೆಳುವಾದ, ಚೂಪು ಮುಂದಂಚಿನ ರೆಕ್ಕೆಯನ್ನು ಇದ್ದಂತೆ ನಕಲು ಮಾಡಿದರೆ ಅದು ಎಚ್ಚರಿಕೆ ಕೊಡದೆ ಒಂದು ಪಕ್ಕಕ್ಕೆ ಮಗುಚುತ್ತದೆ. ಅದಕ್ಕೇ ಮುಂದಂಚನ್ನು ತುಸು ದುಂಡಗೆ ಮಾಡಿ, ರೆಕ್ಕೆಯ ತುದಿಯನ್ನು ಒಂದೆರಡು ಡಿಗ್ರಿ ಕೆಳಕ್ಕೆ ತಿರುಚುವುದು ರೂಢಿ. ಈ ಬಗೆಯ ಮೋಸ ತೀರ್ಪುಗಾರರ ಕಣ್ಣಿಗೂ ಬೀಳುವುದಿಲ್ಲ.

ಒಡಲು ಮತ್ತು ರೆಕ್ಕೆ

ಒಂದೇ ಒಂದು ವಿಮಾನ ಬೇಕಿದ್ದರೆ ಹಳೆಯ ದಾರಿಯೇ ಸಾಕು: ಪ್ಲೈವುಡ್ಡಿನ ಅಡ್ಡಚೌಕಟ್ಟುಗಳನ್ನು ನಿಲ್ಲಿಸಿ, ಉದ್ದಕ್ಕೆ ಪಟ್ಟಿ ಕೂರಿಸಿ, ಮೇಲೆ ಬಾಲ್ಸಾ ಹಾಳೆ ಹೊದಿಸಿ, ಅದರ ಮೇಲೆ ತೆಳುವಾದ ಗಾಜಿನ ನಾರಿನ ಬಟ್ಟೆಯನ್ನು ಎಪಾಕ್ಸಿಯಲ್ಲಿ ಅಂಟಿಸುವುದು. ಚೌಕಟ್ಟುಗಳನ್ನು ಈಗ ಕಂಪ್ಯೂಟರಿನಲ್ಲಿ ಬರೆದು ಲೇಸರಿನಿಂದ ಕತ್ತರಿಸುತ್ತಾರೆ. ರೆಕ್ಕೆಗೆ ಕಾಯಿಸಿದ ತಂತಿಯಿಂದ ಕೊಯ್ದ ಫೋಮಿನ ತಿರುಳು, ಮೇಲೆ ಮರದ ತೆಳುಹಾಳೆ, ನಡುವೆ ಭಾರ ಹೊರುವ ಕಾರ್ಬನ್ ತೊಲೆ.

ಎರಡನೆಯದು ಅಚ್ಚಿನ ದಾರಿ. ಮೊದಲು ವಿಮಾನದ ಪೂರ್ಣ ಆಕೃತಿಯನ್ನು ಫೋಮಿನಲ್ಲೋ ಮರದಲ್ಲೋ ಮಾಡಿ, ಕಾರುಗಳಿಗೆ ಬಳಿಯುವ ಪುಟ್ಟಿ ಹಚ್ಚಿ, ನೀರಿನಲ್ಲಿ ನೆನೆಸಿದ ಎಮರಿ ಕಾಗದದಿಂದ ತಿಕ್ಕಿ ತಿಕ್ಕಿ ಕನ್ನಡಿಯ ನುಣುಪಿಗೆ ತರಬೇಕು. ಕೈ ಸೋಲುವುದು ಇಲ್ಲೇ. ಈ ಹಂತದಲ್ಲಿ ಉಳಿದ ಗೀರು ಅಚ್ಚಿಗೂ, ಅಚ್ಚಿನಿಂದ ಹೊರಬರುವ ಪ್ರತಿಯೊಂದು ಒಡಲಿಗೂ ದಾಟುತ್ತದೆ. ತಗಡುಗಳ ಜೋಡಣೆಯ ಗೆರೆಗಳನ್ನು ತೆಳು ಟೇಪಿನಿಂದ ಈ ಮೂಲಾಕೃತಿಯ ಮೇಲೇ ಮೂಡಿಸುವುದುಂಟು. ಆಮೇಲೆ ಮೇಣ ಬಳಿದು, ಎಡ ಬಲ ಎರಡು ಹೋಳಾಗಿ ಫೈಬರ್‌ಗ್ಲಾಸ್ ಅಚ್ಚು ತೆಗೆಯುತ್ತಾರೆ. ಅಚ್ಚಿನೊಳಗೆ ಬಣ್ಣದ ಪದರ, ಚದರ ಮೀಟರಿಗೆ 49 ಗ್ರಾಂ ತೂಗುವ ನಯವಾದ ಬಟ್ಟೆ, ಅದರ ಹಿಂದೆ ದಪ್ಪ ಬಟ್ಟೆ, ರೆಕ್ಕೆ ಮತ್ತು ಗಾಲಿ ಕೂರುವ ಕಡೆ ಕಾರ್ಬನ್ ಪಟ್ಟಿ. ಎಪಾಕ್ಸಿ ಹೆಚ್ಚಾದರೆ ಗಟ್ಟಿಯಾಗುವುದಿಲ್ಲ, ಭಾರವಾಗುತ್ತದೆ ಅಷ್ಟೆ. ಹೊಸಬರು ಇದನ್ನು ನಂಬುವುದು ತಕ್ಕಡಿ ನೋಡಿದ ಮೇಲೆ.

ಬರಿಯ ಅಲ್ಯೂಮಿನಿಯಂ ಮೈಯ ವಿಮಾನವಾದರೆ ಮುದ್ರಣಾಲಯದಲ್ಲಿ ಬಳಸಿ ಬಿಟ್ಟ ಆಫ್‌ಸೆಟ್ ಪ್ಲೇಟುಗಳನ್ನು ಕತ್ತರಿಸಿ ಹಾಳೆ ಹಾಳೆಯಾಗಿ ಅಂಟಿಸುವವರಿದ್ದಾರೆ. ರಿವೆಟ್‌ಗಳಿಗೆ ಸಿರಿಂಜಿನಿಂದ ಬಿಟ್ಟ ಅಂಟಿನ ಹನಿ ಸಾಕು. ಆದರೆ ಅಂಥ ಹನಿಗಳು ಸಾವಿರಾರು ಬೇಕು. ಬಣ್ಣವೂ ತೂಕವೇ: ಇಷ್ಟು ದೊಡ್ಡ ಮೈಗೆ ಧಾರಾಳವಾಗಿ ಬಳಿದರೆ ಅರ್ಧ ಕಿಲೋ ಸುಲಭವಾಗಿ ಏರುತ್ತದೆ. ಎಂಜಿನ್ ಹಿಂದಿರುವ ಜೆಟ್‌ಗಳಲ್ಲಿ ಬಾಲಕ್ಕೆ ಬಿದ್ದ ಪ್ರತಿ ಗ್ರಾಮಿಗೂ ಮೂತಿಯಲ್ಲಿ ಸೀಸ ಇಟ್ಟು ಸರಿದೂಗಿಸಬೇಕು. ಭಾರಕೇಂದ್ರ ಸಾಮಾನ್ಯವಾಗಿ ರೆಕ್ಕೆಯ ಸರಾಸರಿ ಅಗಲದ ಮುಂದಿನ ಕಾಲುಭಾಗದ ಹತ್ತಿರ ಬರಬೇಕು. ಹಿಂದಕ್ಕೆ ಬಾಗಿದ ರೆಕ್ಕೆಯಲ್ಲಿ ಆ ಬಿಂದುವನ್ನು ಕಣ್ಣಂದಾಜಿನಿಂದ ಹಿಡಿಯಲಾಗದು, ಲೆಕ್ಕ ಹಾಕಲೇಬೇಕು.

ಎಂಜಿನ್, ಗಾಳಿ, ಇಂಧನ

ಇಂಥ ಮಾದರಿಗೆ ಒಟ್ಟು 160ರಿಂದ 180 ನ್ಯೂಟನ್ ನೂಕುಬಲ ಬೇಕು. ಮಾರುತ್‌ಗೆ ಆರ್ಫಿಯಸ್ ಎಂಜಿನ್ ಎರಡಿದ್ದವು. ಮಾದರಿಯಲ್ಲಿ ಎರಡು ಸಣ್ಣ ಟರ್ಬೈನ್ ಇಡಬಹುದು, ಒಂದೇ ದೊಡ್ಡದನ್ನಿಟ್ಟು ಬಾಲದಲ್ಲಿ ಕೊಳವೆ ಕವಲೊಡೆಸಲೂಬಹುದು. ಪೂರ್ಣ ವೇಗದಲ್ಲಿ ಟರ್ಬೈನಿನ ಶಾಫ್ಟ್ ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತುತ್ತದೆ. ಹೊರಬರುವ ಅನಿಲದ ಬಿಸಿ 500ರಿಂದ 700 ಡಿಗ್ರಿ ಸೆಲ್ಸಿಯಸ್. ಅದನ್ನು ಬಾಲದ ತುದಿಗೆ ಒಯ್ಯುವ ಕೊಳವೆ ಎರಡು ಪದರದ ತೆಳು ಸ್ಟೇನ್‌ಲೆಸ್ ಸ್ಟೀಲಿನದು. ಪದರಗಳ ನಡುವೆ ತಣ್ಣನೆಯ ಗಾಳಿ ಹರಿಯದಿದ್ದರೆ ಒಡಲಿನ ಎಪಾಕ್ಸಿ ಮೆತ್ತಗಾಗುತ್ತದೆ.

ಮೂಲ ವಿಮಾನದ ಗಾಳಿಬಾಯಿಗಳು ಭಾರಿ ವೇಗಕ್ಕೆ ತಕ್ಕಂತಿರುತ್ತವೆ. ನಿಂತಲ್ಲೇ ಎಂಜಿನ್ ಏರಿಸುವ ಮಾದರಿಗೆ ಅವು ಸಾಲದೆ ಹೋಗಬಹುದು. ಆಗ ಹೊಟ್ಟೆಯ ಕೆಳಗೆ, ಯಾರಿಗೂ ಕಾಣದ ಕಡೆ, ಕಳ್ಳಕಿಂಡಿಗಳನ್ನು ತೆರೆಯುತ್ತಾರೆ. ಗಾಲಿ ಮಡಚುವ ಗೂಡಿನ ಮೂಲಕವೂ ಗಾಳಿ ಒಳಬರುತ್ತದೆ.

ಇಂಧನ ಸೀಮೆಎಣ್ಣೆ ಅಥವಾ ವಿಮಾನಗಳ ಜೆಟ್ ಎ-1. ಅದಕ್ಕೆ ಶೇಕಡ 5ರಷ್ಟು ಟರ್ಬೈನ್ ಎಣ್ಣೆ ಬೆರೆಸುತ್ತಾರೆ, ಏಕೆಂದರೆ ಬೇರಿಂಗುಗಳಿಗೆ ಎಣ್ಣೆ ಸಿಗುವುದು ಇಂಧನದಿಂದಲೇ. ಈ ಗಾತ್ರದ ಎಂಜಿನ್ ಪೂರ್ಣ ಬಲದಲ್ಲಿ ನಿಮಿಷಕ್ಕೆ ಅರ್ಧ ಲೀಟರಿಗೂ ಮೇಲೆ ಕುಡಿಯುತ್ತದೆ. ನಾಲ್ಕೈದು ಲೀಟರಿನ ಟ್ಯಾಂಕು ಎಂಟು ಹತ್ತು ನಿಮಿಷಕ್ಕೆ ಸರಿ. ಟ್ಯಾಂಕನ್ನು ಭಾರಕೇಂದ್ರದ ಮೇಲೇ ಇಡಬೇಕು, ಇಲ್ಲದಿದ್ದರೆ ಖಾಲಿಯಾಗುತ್ತಾ ಹೋದಂತೆ ವಿಮಾನದ ಸ್ವಭಾವ ಬದಲಾಗುತ್ತದೆ. ಕೊಳವೆಯಲ್ಲಿ ಗಾಳಿಗುಳ್ಳೆಯೊಂದು ಸೇರಿದರೂ ಬೆಂಕಿ ಆರಿಹೋಗಬಹುದಾದ್ದರಿಂದ, ಎಂಜಿನ್ನಿಗೆ ಮುನ್ನ ಗುಳ್ಳೆ ತಡೆಯುವ ಪುಟ್ಟ ಟ್ಯಾಂಕೊಂದನ್ನು ಇಡುತ್ತಾರೆ.

ನಿಯಂತ್ರಣ ಮತ್ತು ಹಾರಾಟ

ರೇಡಿಯೊ ಈಗ ಬಹುತೇಕ 2.4 ಗಿಗಾಹರ್ಟ್ಸ್‌ನದು. ಕಾರ್ಬನ್ ನಾರು ಈ ಅಲೆಗಳನ್ನು ತಡೆಯುವುದರಿಂದ ಆಂಟೆನಾಗಳನ್ನು ಅದರಿಂದ ದೂರ ಇಡಬೇಕು. ರಿಸೀವರ್ ಎರಡು, ಬ್ಯಾಟರಿ ಎರಡು. ಸಂಪರ್ಕ ತಪ್ಪಿದರೆ ಟರ್ಬೈನ್ ತಾನಾಗಿ ಆರುವಂತೆ ಹೊಂದಿಸಿರುತ್ತಾರೆ. ಸರ್ವೊ ಕೊಂಡಿಯಲ್ಲಿ ಸಡಿಲ ಇದ್ದರೆ ವೇಗ ಏರಿದಾಗ ರೆಕ್ಕೆಯ ಹಿಂದಂಚಿನ ಚಲಿಸುವ ಪಟ್ಟಿ, ಅಂದರೆ ಐಲೆರಾನ್, ನಡುಗಲಾರಂಭಿಸಿ ಕಣ್ಣೆವೆ ಮುಚ್ಚುವಷ್ಟರಲ್ಲಿ ರೆಕ್ಕೆಯನ್ನೇ ಹರಿದುಹಾಕಬಲ್ಲದು. ಎಷ್ಟೋ ಚೆಂದದ ಮಾದರಿಗಳು ಕೊನೆಯಾದದ್ದು ಎಂಜಿನ್ನಿನಿಂದಲ್ಲ, ಇದರಿಂದ.

ಮೊದಲ ಹಾರಾಟಕ್ಕೆ ಮುಂಚೆ ವಿಮಾನವನ್ನು ಕಟ್ಟಿಹಾಕಿ ಎಂಜಿನ್ ಓಡಿಸಿ ನೋಡುವುದು, ರನ್‌ವೇ ಮೇಲೆ ಓಡಾಡಿಸಿ ಬ್ರೇಕು ಪರೀಕ್ಷಿಸುವುದು ಕಡ್ಡಾಯವೆಂದೇ ತಿಳಿಯಬೇಕು; ಪಕ್ಕದಲ್ಲಿ ಕಾರ್ಬನ್ ಡೈಆಕ್ಸೈಡಿನ ಅಗ್ನಿಶಾಮಕ ಇರಲೇಬೇಕು. ಹಾರಿಸುವ ಊರಿನ ಎತ್ತರವೂ ಲೆಕ್ಕಕ್ಕೆ ಬರುತ್ತದೆ: ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಇಲ್ಲಿ ಗಾಳಿ ಶೇಕಡ ಹತ್ತರ ಹತ್ತಿರ ತೆಳು, ಬೇಸಿಗೆಯ ಮಧ್ಯಾಹ್ನ ಇನ್ನೂ ತೆಳು. ನೂಕುಬಲ ಕುಗ್ಗುತ್ತದೆ, ಓಟ ಉದ್ದವಾಗುತ್ತದೆ. ಬೆಳಗಿನ ಹೊತ್ತಿಗೆ ಹಾರಿಸುವುದರ ಲಾಭ ಬರಿಯ ತಂಪಲ್ಲ. ಟರ್ಬೈನಿನ ಇನ್ನೊಂದು ಗುಣ ನಿಧಾನ: ಲಿವರ್ ತಳ್ಳಿದ ಮೇಲೆ ಬಲ ಬರಲು ಕೆಲವು ಕ್ಷಣ ಹಿಡಿಯುತ್ತದೆ. ಇಳಿಯುವಾಗ ತಗ್ಗಿಗೆ ಬಂದ ಮೇಲೆ ಬಲ ಬೇಡುವವನಿಗೆ ಅದು ಸಿಗುವಷ್ಟರಲ್ಲಿ ನೆಲ ಬಂದಿರುತ್ತದೆ. ಅದಕ್ಕೇ ಫ್ಲ್ಯಾಪ್ ಇಳಿಸಿ, ಎಂಜಿನ್ನನ್ನು ತುಸು ಏರಿಸಿಟ್ಟುಕೊಂಡೇ ಕೆಳಗಿಳಿಸುತ್ತಾರೆ.

ಭಾರತದ 2021ರ ಡ್ರೋನ್ ನಿಯಮಗಳ ಪ್ರಕಾರ, ವಿನೋದ, ಕಲಿಕೆ, ಸಂಶೋಧನೆಗೆಂದು ಕಣ್ಣಳತೆಯೊಳಗೆ ಹಾರಿಸುವ 25 ಕಿಲೋ ಮೀರದ ವಿಮಾನಗಳು ಮಾದರಿ ವಿಮಾನಗಳೆಂಬ ವರ್ಗಕ್ಕೆ ಸೇರುತ್ತವೆ. ತೂಕವನ್ನು ಇಂಧನ ಸೇರಿಸಿಯೇ ಲೆಕ್ಕ ಹಾಕಬೇಕು. ಅಮೆರಿಕದಲ್ಲಿ ಟರ್ಬೈನ್ ಹಾರಿಸುವವರು ಅಲ್ಲಿನ ಮಾದರಿ ವಿಮಾನ ಸಂಘದಿಂದ ಪ್ರತ್ಯೇಕ ಅರ್ಹತೆ ಪಡೆಯಬೇಕು. ಟರ್ಬೈನುಗಳನ್ನು 25 ಗಂಟೆ ಓಡಿಸಿದ ಮೇಲೆ ಬೇರಿಂಗು ನೋಡಿಸಲು ತಯಾರಕರಿಗೆ ಕಳಿಸುವುದು ಸಾಮಾನ್ಯ. ಹಾರಾಟಕ್ಕೆ ಎಂಟು ನಿಮಿಷದ ಲೆಕ್ಕದಲ್ಲಿ ಅದು 190ಕ್ಕೆ ಸಮೀಪದಷ್ಟು ಹಾರಾಟ. ಒಂದು ಮಾದರಿಗೆ ಅಷ್ಟು ಸೇರಲು ಹಲವು ವರ್ಷ ಹಿಡಿಯುತ್ತದೆ.