ಬೆರಳಿಟ್ಟಲ್ಲೇ ಐದು

ಹಳೆಯ ಫೋನುಗಳ ಐದನೇ ಅಂಕಿಯ ಗುಂಡಿಯ ಮೇಲೆ ಒಂದು ಸಣ್ಣ ಉಬ್ಬು ಇರುತ್ತಿತ್ತು. ಕಣ್ಣಿದ್ದವರು ಅದನ್ನು ಗಮನಿಸಿದ್ದೇ ಕಡಿಮೆ. ಅಂಧರಿಗೆ ಮಾತ್ರ ಅದೇ ದಾರಿಗುರುತು: ಅದರ ಮೇಲೆ ಎರಡು, ಕೆಳಗೆ ಎಂಟು, ಎಡಕ್ಕೆ ನಾಲ್ಕು, ಬಲಕ್ಕೆ ಆರು.

2007ರಲ್ಲಿ ಐಫೋನ್ ಬಂತು. ನುಣುಪು ಗಾಜು, ಅಂಕಿಯ ಗುಂಡಿಯೂ ಇಲ್ಲ, ಉಬ್ಬೂ ಇಲ್ಲ. ಲೋಕವೆಲ್ಲ ಮೆಚ್ಚಿದ ಆ ಗಾಜು ಅಂಧರಿಗೆ ಬರೀ ಗೋಡೆ.

2009ರಲ್ಲಿ ಆ ಗೋಡೆ ಮಾತನಾಡತೊಡಗಿತು. ಐಫೋನ್ 3ಜಿಎಸ್‌ನಲ್ಲಿ ‘ವಾಯ್ಸ್‌ಓವರ್’ ಬಂತು: ಬೆರಳು ಆಡಿಸಿದರೆ ಅಲ್ಲಿರುವುದರ ಹೆಸರು ಕೇಳುತ್ತದೆ, ಎರಡು ಸಲ ತಟ್ಟಿದರೆ ತೆರೆಯುತ್ತದೆ. ಅದೇ ವರ್ಷ ಆಂಡ್ರಾಯ್ಡ್ ಫೋನುಗಳಿಗೆ ‘ಟಾಕ್‌ಬ್ಯಾಕ್’ ಬಂತು.

ಆಗ ಗೂಗಲ್ ಸಂಸ್ಥೆಯಲ್ಲಿ ಈ ಕೆಲಸಕ್ಕೆ ಕೈಹಾಕಿದವರಲ್ಲಿ ಟಿ. ವಿ. ರಾಮನ್ ಒಬ್ಬರು. 1965ರಲ್ಲಿ ಪುಣೆಯಲ್ಲಿ ಜನನ; ಸೊಲ್ಲಾಪುರದ ನಮ್ಮವರಿಗೆ ಅದೇನೂ ದೂರದ ಊರಲ್ಲ. ಹದಿನಾಲ್ಕರ ವಯಸ್ಸಿಗೆ ಗ್ಲಾಕೋಮಾದಿಂದ ದೃಷ್ಟಿ ಹೋಯಿತು. ಅವರೂ ಚಾರ್ಲ್ಸ್ ಚೆನ್ ಅವರೂ ಕೂಡಿ ಮಾಡಿದ ಉಪಾಯ ನೋಡಿ: ಗಾಜಿನ ಮೇಲೆ ಐದನ್ನು ಹುಡುಕುವುದೇ ಬೇಡ, ಬೆರಳು ಮೊದಲು ಊರಿದ ಜಾಗವೇ ಐದು! ಅಲ್ಲಿಂದ ಎಡಮೇಲಕ್ಕೆ ಜಾರಿಸಿದರೆ ಒಂದು. ತಪ್ಪು ಅಂಕಿ ಬಿದ್ದರೆ ಫೋನನ್ನು ಕುಲುಕಿದರಾಯಿತು, ಅಳಿಯುತ್ತದೆ. ಕಣ್ಣಿದ್ದವರಿಗೆ ಇದು ಹೊಳೆಯುತ್ತಿತ್ತೇ, ನನಗೆ ಅನುಮಾನ.

ಈಗ ಈ ಫೋನುಗಳು ಕನ್ನಡವನ್ನೂ ಓದಿ ಹೇಳುತ್ತವೆ. ಆದರೆ ಗಡಿಯ ಮನೆಗಳಿಗೆ ಮಗಳ ಸಂದೇಶ ಕನ್ನಡದಲ್ಲಿ, ಕರೆಂಟ್ ಬಿಲ್ಲು ಮರಾಠಿಯಲ್ಲೋ ಮಲಯಾಳದಲ್ಲೋ ಬರುತ್ತದೆ. ಒಂದು ಭಾಷೆಯ ಧ್ವನಿಗೆ ಇನ್ನೊಂದರ ಲಿಪಿ ಬಾರದಿದ್ದರೆ, ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ ಎರಡನೆಯ ಧ್ವನಿಯನ್ನೂ ಇಳಿಸಿಕೊಳ್ಳಬೇಕು. ಮೊದಲ ಸಲ ಪಕ್ಕದಲ್ಲಿ ಯಾರಾದರೂ ಕೂತು ತೋರಿಸಿಕೊಟ್ಟರೆ ಸಾಕು.