ಕ್ಯಾಪ್, ರೋಟರ್, ಪಾಯಿಂಟ್: ಕರಾವಳಿಯ ಒಂದು ಕಸುಬಿನ ಕಥೆ

ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಅಂಬಾಸಿಡರ್‌ಗಳೇ ಸಾಲುಗಟ್ಟಿ ನಿಲ್ಲುತ್ತಿದ್ದ ಕಾಲದಲ್ಲಿ, ಜಡಿಮಳೆಯ ಆಟಿ ತಿಂಗಳ ಬೆಳಗ್ಗೆ ಉಡುಪಿಯ ಚಾಲಕರ ಮೊದಲ ಕೆಲಸ ಬಾನೆಟ್ ಎತ್ತುವುದು. ಹೆಗಲ ಬೈರಾಸಿನ ಒಣಗಿದ ತುದಿಯಿಂದ ಕಪ್ಪು ಮುಚ್ಚಳವೊಂದನ್ನು ಒಳಗೂ ಹೊರಗೂ ಒರೆಸಿ, ಎರಡು ಕ್ಲಿಪ್ ಒತ್ತಿ ಕೂರಿಸಿದ ಮೇಲೆಯೇ ಸ್ಟಾರ್ಟರ್‌ಗೆ ಕೈ. ಇಷ್ಟು ಮಾಡದೆ ಹೊರಟವರು ಬ್ಯಾಟರಿ ಇಳಿಯುವ ತನಕ ಕಿರ್‌ಗುಟ್ಟಿಸಿ, ಕೊನೆಗೆ ತಳ್ಳಲು ಜನ ಕರೆಯುತ್ತಿದ್ದರು. ಆ ಮುಚ್ಚಳದ ಹೆಸರು ಡಿಸ್ಟ್ರಿಬ್ಯೂಟರ್ ಕ್ಯಾಪ್. ಹೊಸ ಕಾರು ಓಡಿಸುವವರಲ್ಲಿ ಅದನ್ನು ಕಂಡವರೇ ಕಡಿಮೆ.

ಪೆಟ್ರೋಲ್ ಎಂಜಿನ್ನಿಗೆ ಕಿಡಿ ಬೇಕು, ಅದೂ ಸರಿಯಾದ ಸಿಲಿಂಡರಿಗೆ ಸರಿಯಾದ ಗಳಿಗೆಯಲ್ಲಿ. ಬ್ಯಾಟರಿ ಕೊಡುವುದು 12 ವೋಲ್ಟ್; ಪ್ಲಗ್‌ನಲ್ಲಿ ಕಿಡಿ ಹಾರಲು ಸಾವಿರಾರು ವೋಲ್ಟ್ ಬೇಕು. ಡಿಸ್ಟ್ರಿಬ್ಯೂಟರಿನೊಳಗೆ ಕರೆಂಟು ಕಡಿಯುವ ಪುಟ್ಟ ಸ್ವಿಚ್ಚು, ಅಂದರೆ ಸಿಬಿ ಪಾಯಿಂಟ್, ತೆರೆದ ಕ್ಷಣ ಕಾಯಿಲಿನಲ್ಲಿ ಆ ವೋಲ್ಟೇಜ್ ಹುಟ್ಟುತ್ತದೆ. ಕ್ಯಾಪ್‌ನ ನಡುವಿನ ಪುಟ್ಟ ಕಾರ್ಬನ್ ಕಡ್ಡಿ ಅದನ್ನು ತಿರುಗುವ ರೋಟರಿಗೆ ದಾಟಿಸುತ್ತದೆ, ರೋಟರ್ ಒಂದೊಂದು ಪ್ಲಗ್ಗಿಗೂ ಸರದಿಯಂತೆ ಹಂಚುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 3000 ಸುತ್ತು ಓಡಿದರೆ ಸೆಕೆಂಡಿಗೆ 100 ಕಿಡಿ. ಇಷ್ಟು ಕೆಲಸ ನಡೆಯುವುದು ಮುಷ್ಟಿ ಗಾತ್ರದ ಒಂದು ಡಬ್ಬಿಯಲ್ಲಿ. ವರ್ಷಕ್ಕೆ ಸರಾಸರಿ 4000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಜಿಲ್ಲೆಯಲ್ಲಿ ಆ ಡಬ್ಬಿಯನ್ನು ಒಣಗಿಸಿ ಇಡುವುದೇ ಒಂದು ಕಸುಬಾಯಿತು ಎಂದರೆ ಆಶ್ಚರ್ಯವಿಲ್ಲ.

ಉಡುಪಿಯೂ ಸೇರಿದ್ದ ಆಗಿನ ದಕ್ಷಿಣ ಕನ್ನಡದಲ್ಲಿ ಮೋಟಾರು ಸಾರಿಗೆಯ ಕಥೆ 1914ರಲ್ಲಿ ಶುರುವಾದ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪನಿಯಿಂದ ಆರಂಭವಾಗುತ್ತದೆ. ಜನರ ಬಾಯಲ್ಲಿ ಅದು ಸಿಪಿಸಿ. ಆ ಹೊತ್ತಿಗೆ ಜಗತ್ತಿನಲ್ಲಿ ಕಿಡಿ ಹುಟ್ಟಿಸುವ ಎರಡು ದಾರಿಗಳು ಪೈಪೋಟಿಗೆ ಬಿದ್ದಿದ್ದವು. ಜರ್ಮನಿಯ ಬಾಷ್ ಕಂಪನಿಯ ಮ್ಯಾಗ್ನೆಟೋ ಒಂದು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಕ್ಯಾಡಿಲಾಕ್ ಕಾರಿಗೆ ತಂದ ಬ್ಯಾಟರಿ, ಕಾಯಿಲ್, ಪಾಯಿಂಟ್‌ಗಳ ವ್ಯವಸ್ಥೆ ಇನ್ನೊಂದು. ಕಾರುಗಳ ಮಟ್ಟಿಗೆ ಗೆದ್ದದ್ದು ಎರಡನೆಯದು. ಅದು ಅಗ್ಗ, ರಿಪೇರಿ ಸುಲಭ, ನಿಧಾನ ಓಟದಲ್ಲೂ ಕಿಡಿ ಗಟ್ಟಿ. ಮಳೆಯ ಲೆಕ್ಕ ಮಾತ್ರ ಡೆಟ್ರಾಯಿಟಿನಲ್ಲಿ ಯಾರೂ ಹಾಕಿರಲಿಕ್ಕಿಲ್ಲ.

ಇಲ್ಲಿನ ರಸ್ತೆಗಳೂ ಆಗ ಅಷ್ಟಕ್ಕಷ್ಟೆ. ಮೂಲ್ಕಿ, ಪಾಂಗಾಳ, ಉದ್ಯಾವರ, ಕಲ್ಯಾಣಪುರ ಎಂದು ಹೆಜ್ಜೆಗೊಂದು ಹೊಳೆ. ಸೇತುವೆಗಳಿಲ್ಲದ ಕಾಲದಲ್ಲಿ ಪ್ರಯಾಣಿಕರು ಇಳಿದು ದೋಣಿ ದಾಟಿ ಆಚೆ ದಡದ ಬಸ್ಸು ಹತ್ತುತ್ತಿದ್ದರು, ಕಾರಿದ್ದವರು ಎರಡು ದೋಣಿ ಜೋಡಿಸಿದ ಜಂಗಲ್ ಮೇಲೆ ಕಾರು ಏರಿಸುತ್ತಿದ್ದರು. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ಬಸ್ಸಿನ ಹಿಂಬದಿಗೆ ಒಲೆ ಕಟ್ಟಿ ಇದ್ದಿಲ ಗ್ಯಾಸಿನಲ್ಲಿ ಓಡಿಸಿದರು. ಇಂಧನ ಬದಲಾದರೂ ಕಿಡಿಯ ವ್ಯವಸ್ಥೆ ಅದೇ. ಗ್ಯಾಸು ಬಡಕಲು, ಕಿಡಿಯೂ ಬಡಕಲಾದರೆ ಬಸ್ಸು ಏರು ಹತ್ತುವ ಮಾತೇ ಇಲ್ಲ.

ಯುದ್ಧ ಮುಗಿದ ಮೇಲೆ ಬಸ್ಸು ಲಾರಿಗಳು ಒಂದೊಂದಾಗಿ ಡೀಸೆಲ್ಲಿಗೆ ತಿರುಗಿದವು. 1954ರಲ್ಲಿ ಜಮ್ಷೆಡ್‌ಪುರದಿಂದ ಟಾಟಾ ಮರ್ಸಿಡಿಸ್ ಲಾರಿಗಳು ಹೊರಬರತೊಡಗಿದವು. ಡೀಸೆಲ್ ಎಂಜಿನ್ ಒತ್ತಡದ ಬಿಸಿಯಲ್ಲೇ ಉರಿಯುವುದರಿಂದ ಅದಕ್ಕೆ ಪ್ಲಗ್ಗೂ ಇಲ್ಲ, ಡಿಸ್ಟ್ರಿಬ್ಯೂಟರೂ ಇಲ್ಲ. ಮಳೆಗಾಲದ ಈ ತಲೆನೋವು ಅಲ್ಲಿಗೆ ಕಾರು, ಜೀಪುಗಳ ಪಾಲಿಗೆ ಉಳಿಯಿತು.

ಮಣಿಪಾಲದಲ್ಲಿ 1953ರಲ್ಲಿ ಡಾ. ಟಿ. ಎಂ. ಎ. ಪೈಗಳ ಕಸ್ತೂರಬಾ ಮೆಡಿಕಲ್ ಕಾಲೇಜು, 1957ರಲ್ಲಿ ಎಂಜಿನಿಯರಿಂಗ್ ಕಾಲೇಜು ಬಂದವು. ವೈದ್ಯರು, ಬ್ಯಾಂಕಿನವರು, ಮುಂಬಯಿಯಲ್ಲಿ ಹೋಟೆಲು ನಡೆಸಿ ಊರಿಗೆ ಬರುವವರು, ಹೀಗೆ ಕಾರು ಇಟ್ಟುಕೊಳ್ಳುವ ಒಂದು ವರ್ಗ ಬೆಳೆಯಿತು. ಆಯ್ಕೆ ಇದ್ದದ್ದು ಮೂರೇ: ಅಂಬಾಸಿಡರ್, ಫಿಯಟ್, ಸ್ಟ್ಯಾಂಡರ್ಡ್ ಹೆರಾಲ್ಡ್.

ಈ ಸಾಧು ಕಾರುಗಳಿಗೂ ಇಂಗ್ಲೆಂಡಿನ ಸ್ಪೋರ್ಟ್ಸ್ ಕಾರುಗಳಿಗೂ ಇರುವ ರಕ್ತಸಂಬಂಧ ಬಹಳ ಮಂದಿಗೆ ಗೊತ್ತಿಲ್ಲ. ಅಂಬಾಸಿಡರಿಗೆ ಕೂರಿಸಿದ 1489 ಸಿಸಿ ಎಂಜಿನ್ ಬಿಎಂಸಿ ಕಂಪನಿಯ ಬಿ-ಸೀರೀಸ್ ಕುಟುಂಬದ್ದು. 1955ರಲ್ಲಿ ಬಂದ ಎಂಜಿಎ ಎಂಬ ಚಂದದ ಎರಡು ಸೀಟಿನ ಕಾರಿನ ಎಂಜಿನ್ನೂ ಅದೇ ಕುಟುಂಬ, ಅದೇ ಅಳತೆ. 1962ರ ಎಂಜಿಬಿ ಅದರದೇ ದೊಡ್ಡ ರೂಪ. ಮದ್ರಾಸಿನಲ್ಲಿ 1961ರಿಂದ ತಯಾರಾದ ಹೆರಾಲ್ಡ್‌ನ ಚಾಸಿಯಿಂದಲೇ ಇಂಗ್ಲೆಂಡಿನಲ್ಲಿ ಟ್ರಯಂಫ್ ಸ್ಪಿಟ್‌ಫೈರ್ ಹುಟ್ಟಿತು. ಅದೇ 1961ರಲ್ಲಿ ಮದ್ರಾಸಿನಲ್ಲಿ ಲೂಕಾಸ್-ಟಿವಿಎಸ್ ಶುರುವಾಗಿ, ಬರ್ಮಿಂಗ್‌ಹ್ಯಾಮಿನ ಲೂಕಾಸ್ ವಿನ್ಯಾಸದ ಬಿಡಿಭಾಗಗಳು ಇಲ್ಲೇ ತಯಾರಾಗತೊಡಗಿದವು. ಅಂಬಾಸಿಡರಿನ ಪಾಯಿಂಟ್ ಹೊಂದಿಸಿ ಕೈ ಪಳಗಿದ ಉಡುಪಿಯ ಆಟೋ ಎಲೆಕ್ಟ್ರಿಷಿಯನ್‌ಗೆ ಎಂಜಿ ಕಾರಿನ ಬಾನೆಟ್ ಎತ್ತಿದರೆ ಅಪರಿಚಿತವಾದದ್ದೇನೂ ಕಾಣದು. ಕಿಡಿಯ ಸರದಿಯೂ ಎರಡರಲ್ಲಿ ಒಂದೇ: 1-3-4-2.

ಇಂಗ್ಲೆಂಡಿನ ಸ್ಪೋರ್ಟ್ಸ್ ಕಾರು ಪ್ರಿಯರು ಲೂಕಾಸನಿಗೆ ಇಟ್ಟ ಅಡ್ಡಹೆಸರು ‘ಕತ್ತಲೆಯ ರಾಜಕುಮಾರ’. ಇದರಲ್ಲಿ ಅರ್ಧ ಸತ್ಯ, ಅರ್ಧ ಅನ್ಯಾಯ; ಕೆಲವೊಮ್ಮೆ ತಪ್ಪು ಡಿಸ್ಟ್ರಿಬ್ಯೂಟರ್ ಕೂರಿಸಿದ ಜಾಗದ್ದು. 1959ರಲ್ಲಿ ಬಂದ ಮಿನಿ ಕಾರಿನಲ್ಲಿ ಎಂಜಿನ್ ಅಡ್ಡಡ್ಡ ಕೂತಿದ್ದರಿಂದ ಡಿಸ್ಟ್ರಿಬ್ಯೂಟರ್ ನೇರ ಮುಂದಿನ ಗ್ರಿಲ್ ಹಿಂದೆಯೇ ಬಂತು. ಎದುರು ಮಳೆ ಹೊಡೆದರೆ ಕಾರು ನಿಂತೇಬಿಡುತ್ತಿತ್ತು. ಅಲ್ಲಿನವರು ಪಾತ್ರೆ ತೊಳೆಯುವ ರಬ್ಬರ್ ಗ್ಲೌಸನ್ನು ಕ್ಯಾಪಿಗೆ ತೊಡಿಸಿ, ಬೆರಳುಗಳ ತುದಿ ಕತ್ತರಿಸಿ ಒಂದೊಂದರಿಂದ ಒಂದೊಂದು ಪ್ಲಗ್ ವಯರು ಹೊರತೆಗೆದರು. ನಾಲ್ಕು ಪ್ಲಗ್ಗು, ಒಂದು ಕಾಯಿಲ್, ಒಟ್ಟು ಐದು ವಯರು, ಬೆರಳೂ ಐದೇ. ದೇವರು ಮನುಷ್ಯನ ಕೈಯನ್ನು ನಾಲ್ಕು ಸಿಲಿಂಡರ್ ನೋಡಿಯೇ ಮಾಡಿದಂತಿದೆ.

ಕರಾವಳಿಯ ಗ್ಯಾರೇಜುಗಳಲ್ಲಿ ಆ ಕೆಲಸಕ್ಕೆ ಒದಗಿದ್ದು ಹಳೇ ಸೈಕಲ್ ಟ್ಯೂಬು, ಪ್ಲಾಸ್ಟಿಕ್ ತೊಟ್ಟೆ. ಆದರೆ ಪೂರ್ತಿ ಬಿಗಿದು ಕಟ್ಟಿದರೆ ಕೆಟ್ಟದ್ದೇ. ಬಿಸಿ ಎಂಜಿನ್ ತಣಿದಾಗ ಕ್ಯಾಪಿನೊಳಗಿನ ಗಾಳಿಯ ಪಸೆ ಅಲ್ಲೇ ಬೆವರಾಗಿ ಇಳಿಯುತ್ತದೆ. ಆ ತೇವದ ಮೇಲೆ ಕರೆಂಟು ಒಮ್ಮೆ ಹರಿದರೆ ಬೇಕಲೈಟ್ ಸುಟ್ಟು, ಕೂದಲೆಳೆಯಂಥ ಕಪ್ಪು ಗೆರೆ ಮೂಡುತ್ತದೆ. ಗೆರೆ ಕಾರ್ಬನ್ನಿನದು, ಆಮೇಲೆ ಕರೆಂಟಿಗೆ ಅದೇ ಹೆದ್ದಾರಿ. ಕ್ಯಾಪ್ ಎಷ್ಟು ಒರೆಸಿದರೂ ಮಿಸ್ಸಿಂಗ್ ಹೋಗದು. ಅನುಭವಿ ಕೆಲಸಗಾರರು ಕ್ಯಾಪನ್ನು ಬೆಳಕಿಗೆ ಹಿಡಿದು ಮೊದಲು ಹುಡುಕುವುದು ಈ ಗೆರೆಯನ್ನೇ. ಕಂಡರೆ ಅದನ್ನು ಕೆರೆದು ನಂಬುವುದಿಲ್ಲ, ಹೊಸ ಕ್ಯಾಪ್ ಹಾಕುತ್ತಾರೆ.

ಇದೇ ಜಿಲ್ಲೆಯೊಳಗೆ ರೋಗದ ಗುಣವೂ ಊರಿಗೊಂದು ಬಗೆ. 1901ರ ದೀಪಸ್ತಂಭ ನಿಂತಿರುವ ಕಾಪು ಕಡಲ ಬದಿಯಲ್ಲಿ ಮಳೆಗಿಂತ ಉಪ್ಪುಗಾಳಿ ಹೆಚ್ಚು ಕಾಡುತ್ತದೆ. ಕ್ಯಾಪಿನ ಒಳಗಿನ ಲೋಹದ ಮೊಳೆಗಳಿಗೆ ಕಿಲುಬು, ಅರ್ತಿಂಗ್ ವಯರಿನ ತುದಿಗೆ ಹಸಿರು ಬೂಷ್ಟು. ಉಪ್ಪು ಕೂತ ಜಾಗ ತೇವ ಹೀರಿಕೊಂಡು ಬೇಸಿಗೆಯಲ್ಲೂ ಕರೆಂಟು ಸೋರಿಸುತ್ತದೆ. ಮಣಿಪಾಲದ ಗುಡ್ಡದಲ್ಲಿ ಮುರಕಲ್ಲಿನ ಕೆಂಪು ಧೂಳಿನ ಕಾಟ; ಶಾಫ್ಟಿನ ಎಣ್ಣೆಗೆ ಅದು ಸೇರಿತೋ, ಬುಷ್ ಸವೆಯುವುದಕ್ಕೆ ತಡವಿಲ್ಲ. ಬುಷ್ ಸವೆದ ಡಿಸ್ಟ್ರಿಬ್ಯೂಟರಿನಲ್ಲಿ ಶಾಫ್ಟು ಅಲುಗಾಡಿ, ಪಾಯಿಂಟಿನ ಗ್ಯಾಪು ಒಂದೊಂದು ಸಿಲಿಂಡರಿಗೆ ಒಂದೊಂದು ಬಗೆ. ಹೊಸ ಪಾಯಿಂಟ್ ಎಷ್ಟು ಹಾಕಿದರೂ ಹಣ ದಂಡ.

ಕಾರ್ಕಳದವರ ಕಷ್ಟ ಬೇರೆ. ಅಲ್ಲಿಂದ ಹೆಬ್ರಿ ಹಾದು ಆಗುಂಬೆ ಘಾಟಿಯ 14 ತಿರುವು ಹತ್ತುವ ಕಾರಿಗೆ ಕಿಡಿ ಎಷ್ಟು ಮುಂಚೆ ಬೀಳಬೇಕು ಎಂಬ ಟೈಮಿಂಗ್ ಲೆಕ್ಕ ತಪ್ಪಬಾರದು. ಡಿಸ್ಟ್ರಿಬ್ಯೂಟರಿನ ಹೊಟ್ಟೆಯಲ್ಲಿರುವ ಎರಡು ಚಿಕ್ಕ ತೂಕದ ಬಿಲ್ಲೆಗಳು ವೇಗ ಹೆಚ್ಚಿದಂತೆ ಹೊರಚಾಚಿ ಕಿಡಿಯನ್ನು ಇನ್ನಷ್ಟು ಮುಂಚೆ ಬೀಳಿಸುತ್ತವೆ. ತುಕ್ಕು ಹಿಡಿದು ಅವು ಅಂಟಿಕೊಂಡರೆ ಗಾಡಿ ಎಳೆಯುವುದೇ ಇಲ್ಲ. ಸ್ಪ್ರಿಂಗ್ ಸಡಿಲವಾಗಿ ಬೇಗ ಚಾಚಿದರೆ ಏರಿನಲ್ಲಿ ಎಂಜಿನ್ ಟಕಟಕ ಬಡಿಯುತ್ತದೆ. ಘಾಟಿಯ ನಡುವೆ ನಿಂತ ಕಾರಿನ ಕಾರ್ಬುರೇಟರನ್ನು ಬಿಚ್ಚಿ ಗಂಟೆ ಕಳೆದವರು ಲೆಕ್ಕವಿಲ್ಲದಷ್ಟಿದ್ದಾರೆ. ಕೆಟ್ಟಿರುತ್ತಿದ್ದದ್ದು ಪಾಯಿಂಟ್ ಸುಡದಂತೆ ಕಾಯುವ ಬೆರಳುದ್ದದ ಕಂಡೆನ್ಸರ್.

ಮುಂಜಾಗ್ರತೆಯ ವಿದ್ಯೆ ದೊಡ್ಡದೇನಲ್ಲ. ಎಂಜಿಬಿಯಲ್ಲಿದ್ದ ಲೂಕಾಸ್ 25ಡಿ4 ಮಾದರಿಗೆ ಪಾಯಿಂಟ್ ಗ್ಯಾಪು ಇಂಚಿನ ಸಾವಿರದಲ್ಲಿ 14ರಿಂದ 16 ಭಾಗ. ಪಾಯಿಂಟ್ ತೆರೆಸುವ ಕ್ಯಾಮಿಗೆ ತಾಗುವ ಫೈಬರ್ ಹಿಮ್ಮಡಿ ಸವೆದಂತೆ ಈ ಗ್ಯಾಪು ಕಿರಿದಾಗಿ ಟೈಮಿಂಗ್ ಹಿಂದೆ ಬೀಳುತ್ತದೆ. ಅದಕ್ಕೆ ಕ್ಯಾಮಿನ ಮೇಲೆ ಬೆಂಕಿಕಡ್ಡಿಯ ತುದಿಯಷ್ಟು ಗ್ರೀಸು, ರೋಟರ್ ಎತ್ತಿ ಶಾಫ್ಟಿನ ತಲೆಗೆ ಎರಡು ಹನಿ ಎಣ್ಣೆ. ಹೆಚ್ಚಾದರೆ ಎಣ್ಣೆ ಹಾರಿ ಪಾಯಿಂಟಿಗೆ ಬಿದ್ದು ಸುಡುತ್ತದೆ. ಪಾಯಿಂಟು ಪದೇಪದೇ ಗುಳಿಬಿದ್ದರೆ ಎಮ್ರಿ ಪೇಪರ್ ಉಜ್ಜುವ ಬದಲು ಕಂಡೆನ್ಸರ್ ನೋಡಬೇಕು. ಎಂಜಿನ್ ನಿಲ್ಲಿಸಿ ಕೀ ಮಾತ್ರ ಆನ್ ಇಟ್ಟರೆ, ಪಾಯಿಂಟು ಮುಚ್ಚಿದ ಸ್ಥಿತಿಯಲ್ಲಿದ್ದಾಗ ಕಾಯಿಲ್ ಕಾದು ಸುಡಬಹುದು. ಹಾಡು ಕೇಳುತ್ತ ಕೂತವರು ಇದಕ್ಕೆ ತೆತ್ತ ದಂಡ ಸಣ್ಣದಲ್ಲ.

1983ರಲ್ಲಿ ಮಾರುತಿ 800 ಬಂದಾಗ ಈ ಕಸುಬಿಗೆ ಪೆಟ್ಟೇನೂ ಬೀಳಲಿಲ್ಲ, ಅದರಲ್ಲೂ ಡಿಸ್ಟ್ರಿಬ್ಯೂಟರ್ ಇತ್ತು. ಪೆಟ್ಟು ಬಿದ್ದದ್ದು 2000ದ ಆಸುಪಾಸಿನಲ್ಲಿ, ಹೊಗೆ ನಿಯಮ ಬಿಗಿಯಾಗಿ, ಕಾರ್ಬುರೇಟರ್ ಬದಲು ಇಂಜೆಕ್ಟರ್ ಇರುವ ಎಂಪಿಎಫ್‌ಐ ಎಂಜಿನ್‌ಗಳು ಬಂದಾಗ. ಕಿಡಿಯ ಲೆಕ್ಕ ಕ್ರಮೇಣ ಕಂಪ್ಯೂಟರಿನ ಪಾಲಾಯಿತು, ಕಾಯಿಲ್ ನೇರ ಪ್ಲಗ್ಗಿನ ತಲೆಯ ಮೇಲೆಯೇ ಕೂತಿತು. ಮುಂಬಯಿಯ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟವು. ರೇಸ್ ಕಾರು ಕಟ್ಟುವ ಮಣಿಪಾಲದ ಎಂಜಿನಿಯರಿಂಗ್ ಕಾಲೇಜಾದ ಎಂಐಟಿಯ ಫಾರ್ಮುಲಾ ಮಣಿಪಾಲ್ ತಂಡದ ಹುಡುಗರಿಗೆ ಪಾಯಿಂಟಿನ ಗ್ಯಾಪು ಅಳೆಯುವ ಫೀಲರ್ ಗೇಜ್ ಪಠ್ಯದ ನೆನಪಷ್ಟೇ ಇರಬಹುದು.

ಹಳೇ ಕಾರು ಸಾಕುವವರು ಈಗ ಪಾಯಿಂಟ್ ಕಿತ್ತು ಎಲೆಕ್ಟ್ರಾನಿಕ್ ಮಾಡ್ಯೂಲ್ ಹಾಕಿಸುತ್ತಾರೆ. ಅದರಿಂದ ಸವೆಯುವ ಭಾಗವೊಂದು ಕಡಿಮೆಯಾಗುತ್ತದೆ, ನಿಜ. ಆದರೆ ಕ್ಯಾಪ್, ರೋಟರ್, ವಯರು ಹಾಗೇ ಉಳಿಯುವುದರಿಂದ ಕರಾವಳಿಯ ಮಳೆಯ ಮಟ್ಟಿಗೆ ಅದು ಮದ್ದಿನ ಅರ್ಧ ಪಾಲು. ಮಾಡ್ಯೂಲ್ ಕೈಕೊಟ್ಟರೆ ಆಗುಂಬೆ ಘಾಟಿಯ ಬುಡದ ಸೋಮೇಶ್ವರದ ಕಾಡಿನ ನಡುವೆ ರಿಪೇರಿಯೂ ಇಲ್ಲ. ಹಾಗಾಗಿ ತಿಳಿದವರು ಬಿಚ್ಚಿದ ಹಳೇ ಪಾಯಿಂಟ್, ಕಂಡೆನ್ಸರ್, ಒಂದು ಒಳ್ಳೆಯ ರೋಟರನ್ನು ಡಬ್ಬಿಯಲ್ಲಿ ಹಾಕಿ ಡಿಕ್ಕಿಯಲ್ಲೇ ಇಟ್ಟಿರುತ್ತಾರೆ. ಜೂನಿನಿಂದ ಸೆಪ್ಟೆಂಬರ್ ತನಕ ಶೆಡ್ಡಿನಲ್ಲೇ ನಿಲ್ಲುವ ಕಾರಾದರೆ ಕ್ಯಾಪ್ ಬಿಚ್ಚಿ ಮನೆಯೊಳಗೆ ಒಣ ಜಾಗದಲ್ಲಿಟ್ಟು, ತೆರೆದ ಡಿಸ್ಟ್ರಿಬ್ಯೂಟರಿಗೆ ಒಣ ಬಟ್ಟೆ ಮುಚ್ಚುವುದುಂಟು. ಓಡಿಸುವ ಕಾರಾದರೆ ವಾರಕ್ಕೊಮ್ಮೆಯಾದರೂ ಎಂಜಿನ್ ಚೆನ್ನಾಗಿ ಬಿಸಿಯಾಗುವಷ್ಟು ದೂರ ಹೋಗಿ ಬರಬೇಕು. ಅಂಗಳದಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡಿದರೆ ಕ್ಯಾಪಿನೊಳಗೆ ಬೆವರು ತುಂಬಿಸಿದಷ್ಟೇ ಲಾಭ.