ಕಯೋಟಿ, ವಿಷ ಮತ್ತು ಕಾವಲು ನಾಯಿ

ಇವತ್ತಿನ ಕಥೆ ಅಮೆರಿಕದ ಕಯೋಟಿದು. ತೋಳಕ್ಕಿಂತ ಚಿಕ್ಕದು, ನಮ್ಮ ನರಿಗೆ ನೆಂಟ. ಕುರಿಮರಿ ಸಿಕ್ಕರೂ ಬಿಡಲ್ಲ, ಹಿತ್ತಲಲ್ಲಿ ಬೆಕ್ಕು ಸಿಕ್ಕರೂ ಬಿಡಲ್ಲ.

1915ರಲ್ಲಿ ಅಲ್ಲಿನ ಸರ್ಕಾರ ಇಂಥ ಪ್ರಾಣಿಗಳನ್ನ ಕೊಲ್ಲೋಕೆ ಸಂಬಳ ಕೊಟ್ಟು ಬೇಟೆಗಾರರನ್ನ ಇಟ್ಟಿತು. 1931ರಲ್ಲಿ ಅದಕ್ಕೊಂದು ಕಾಯ್ದೆಯೂ ಬಂತು. ಮಾಂಸದ ತುಂಡಿನಲ್ಲಿ ಸ್ಟ್ರಿಕ್ನಿನ್, ಎರಡನೇ ಮಹಾಯುದ್ಧದ ನಂತರ 1080 ಅನ್ನೋ ವಿಷ. ತಿಂದ ಸಾಕುನಾಯಿ, ಹದ್ದುಗಳೂ ಸತ್ತವು. 1972ರಲ್ಲಿ ಅಧ್ಯಕ್ಷ ನಿಕ್ಸನ್ ಕೇಂದ್ರ ಸರ್ಕಾರದ ಜಮೀನಿನಲ್ಲಿ ಇಂಥ ವಿಷ ನಿಲ್ಲಿಸಿದರು. ಅಷ್ಟರಲ್ಲಿ ಹೆಚ್ಚಿನ ರಾಜ್ಯಗಳಲ್ಲಿ ತೋಳವೇ ಇರಲಿಲ್ಲ. ಕಯೋಟಿ ಮಾತ್ರ ತೋಳ ಬಿಟ್ಟ ಜಾಗಕ್ಕೂ ಹಬ್ಬಿತು. ಇವತ್ತು ಹವಾಯಿ ಬಿಟ್ಟು ಎಲ್ಲ ರಾಜ್ಯಗಳಲ್ಲೂ ಇದೆ. ಒಂದು ಬಗ್ ಸರಿ ಮಾಡೋಕೆ ಹೋಗಿ ಇನ್ನೊಂದು ತಂದುಕೊಂಡ ಹಾಗೆ, ನಮಗಿದು ಹೊಸದಲ್ಲ ಬಿಡಿ!

ನನಗೆ ಹಿಡಿಸಿದ್ದು ಮರಿನ್ ಕೌಂಟಿ. ಸ್ಯಾನ್ ಫ್ರಾನ್ಸಿಸ್ಕೋದಿಂದ ಗೋಲ್ಡನ್ ಗೇಟ್ ಸೇತುವೆ ದಾಟಿದ್ರೆ ಸಿಗೋದೇ ಅದು. 2000ದಲ್ಲಿ ಅವರು ಸರ್ಕಾರಿ ಬೇಟೆಗಾರರನ್ನ ಬಿಟ್ಟು, ಆ ದುಡ್ಡನ್ನ ಬೇಲಿಗೆ, ಕಾವಲು ನಾಯಿಗೆ, ಲಾಮಾಗೆ ಅಂತ ಕುರಿ ಸಾಕೋರಿಗೇ ಕೊಡೋಕೆ ಶುರು ಮಾಡಿದರು. ಗ್ರೇಟ್ ಪಿರೆನೀಸ್‌ನಂಥ ನಾಯಿಯನ್ನ ಮರಿಯಿಂದಲೇ ಕುರಿಗಳ ಜೊತೆ ಬೆಳೆಸ್ತಾರೆ. ಮಂದೆಯೇ ಅದರ ಮನೆಯವರು. ಆದ್ರೆ ನಾಯಿಗೂ ದಿನಾ ಊಟ ಬೇಕಲ್ಲ, ಬರೀ ಬೈಗುಳದಿಂದ ರೈತ ಬದಲಾಗಲ್ಲ. ಖರ್ಚು ಹಂಚಿಕೊಂಡಿದ್ದೇ ಇಲ್ಲಿ ಮುಖ್ಯ ಅಂತ ನನ್ನ ಲೆಕ್ಕ.

ಈಗ ಷಿಕಾಗೋದಂಥ ನಗರದಲ್ಲೂ ಕಯೋಟಿ ಓಡಾಡುತ್ತೆ. ಅಲ್ಲಿನವರು ಬೆಕ್ಕನ್ನ ಒಳಗೇ ಇಡ್ತಾರೆ, ಚಿಕ್ಕ ನಾಯಿಗೆ ಬೆಲ್ಟ್ ಬಿಚ್ಚಲ್ಲ, ಅದರ ಊಟದ ತಟ್ಟೆ ಹೊರಗೆ ಬಿಡಲ್ಲ. ಕಯೋಟಿ ಎದುರಾದ್ರೆ ಓಡಲ್ಲ, ಕೈಯೆತ್ತಿ ಜೋರಾಗಿ ಕೂಗ್ತಾರೆ.